ಹಿಂಗಾರಿ ಫಸಲು: ನಾವು ಅರಿಯದ ರೋಹನ್ ಬೋಪಣ್ಣ

ನಮ್ಮ ಗದಗ ಸೀಮೆಯ ಕಳಸಾಪುರದ ಹುಡುಗರಿಗೆ ಟೆನಿಸ್ ಚೆಂಡು ಗೊತ್ತು, ಟೆನಿಸ್ ಗೊತ್ತಿಲ್ಲ. ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಸಾಕು, ಸಂಜೆ ಹೊತ್ತಿಗೆ ಅಲ್ಲೊಂದು ಪಿಚ್ ಎದ್ದಿರುತ್ತದೆ. ಮೂರು ಕೋಲು, ಒಂದು ಹಸಿರು ಚೆಂಡು, ಎರಡು ಗುಂಪು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲಿ ಹೋದರೂ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ಬ್ಯಾನರ್ ಕಣ್ಣಿಗೆ ಬೀಳುತ್ತದೆ. ಆ ಚೆಂಡು ಯಾವ ಆಟಕ್ಕೆಂದು ಹುಟ್ಟಿತೋ ಆ ಆಟದಲ್ಲಿ ನಮ್ಮದೇ ರಾಜ್ಯದ ಒಬ್ಬರು 43ನೇ ವಯಸ್ಸಿನಲ್ಲಿ ಜಗತ್ತಿಗೆ ಮೊದಲಿಗರಾದ ಸಂಗತಿ ಮಾತ್ರ ನಮ್ಮ ಕಟ್ಟೆಯ ಹರಟೆಯಲ್ಲಿ ಅಷ್ಟಾಗಿ ಸುಳಿಯುವುದಿಲ್ಲ.

ಕೊಡಗಿನ ಮಚ್ಚಂಡ ರೋಹನ್ ಬೋಪಣ್ಣ ಎಂದರೆ ಹೆಚ್ಚಿನವರಿಗೆ 2024ರ ಜನವರಿಯ ಆ ಫೋಟೊ ನೆನಪಾಗುತ್ತದೆ: ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾ, ಕೈಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಟ್ರೋಫಿ, ಪಕ್ಕದಲ್ಲಿ ಜೊತೆಗಾರ ಮ್ಯಾಥ್ಯೂ ಎಬ್ಡನ್. ಆ ಫೋಟೊದ ಹಿಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಬದುಕಿದೆ. ಕಟ್ಟಿಗೆ ಒಡೆದ ತೋಳು, ಸವೆದ ಮೊಣಕಾಲು, ತಿಂಗಳುಗಟ್ಟಲೆ ಬರೀ ಸೋಲು, ಯಾರೂ ಗಮನಿಸದಿದ್ದ ಒಂದು ಪಾಯಿಂಟನ್ನು ತಾವಾಗಿಯೇ ಬಿಟ್ಟುಕೊಟ್ಟ ಗಳಿಗೆ ಎಲ್ಲವೂ ಅದರಲ್ಲಿವೆ. ನಮ್ಮ ಎರೆ ಸೀಮೆಯಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯುವವರಿಗೆ ಈ ಬದುಕು ಬೇಗ ಅರ್ಥವಾದೀತು. ಮಳೆ ನಿಂತ ಮೇಲೂ ಮಣ್ಣು ಹಿಡಿದಿಟ್ಟ ತೇವದಲ್ಲೇ ಆ ಬೆಳೆ ಏಳುತ್ತದೆ, ತಡವಾಗಿ ಕೈಗೆ ಬರುತ್ತದೆ. ಬೋಪಣ್ಣ ಅವರ ಫಸಲೂ ಹಾಗೆಯೇ ಬಂದದ್ದು.

ಹಾಕಿಯ ನಾಡಿನಲ್ಲೊಬ್ಬ ಟೆನಿಸ್ ಹುಡುಗ

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ಬೆಳೆದದ್ದು ಕೊಡಗಿನ ಮಾದಾಪುರದ ಕಡೆಯ ಕಾಫಿ ತೋಟದಲ್ಲಿ. ತಂದೆ ಎಂ.ಜಿ. ಬೋಪಣ್ಣ ಕಾಫಿ ಬೆಳೆಗಾರರು. ಕೊಡಗೆಂದರೆ ಹಾಕಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ನಾಡದು. 1997ರಿಂದ ಅಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವೇ ನಡೆಯುತ್ತಿದೆ. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಅಂಥ ಕಡೆ ಹುಟ್ಟಿದ ಹುಡುಗನಿಗೆ ಹಾಕಿಯ ಮೇಲೂ ಫುಟ್‌ಬಾಲ್ ಮೇಲೂ ಮನಸ್ಸಿತ್ತು. ಮಗ ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲಿ ಎಂದು ಬಯಸಿದವರು ತಂದೆ. ಹಾಗೆ ಹನ್ನೊಂದನೇ ವಯಸ್ಸಿಗೆ ರಾಕೆಟ್ ಕೈಗೆ ಬಂತು.

ಈ ಕಾಲದ ಲೆಕ್ಕದಲ್ಲಿ ಹನ್ನೊಂದು ತಡವೇ. ದೊಡ್ಡ ಆಟಗಾರರಲ್ಲಿ ಅನೇಕರು ನಾಲ್ಕೈದು ವರ್ಷಕ್ಕೇ ಕೋರ್ಟಿಗೆ ಇಳಿದವರು. ಅದೂ ಅಲ್ಲದೆ ತೋಟದ ನಡುವೆ ಜಿಮ್ ಇಲ್ಲ, ಒಳ್ಳೆಯ ಕೋರ್ಟೂ ಇಲ್ಲ. 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದಾಗ ಬೋಪಣ್ಣ ಆ ದಿನಗಳನ್ನು ನೆನೆದರು. ಸರ್ವ್‌ಗೆ ಬಲ ಬರಲೆಂದು ಕಟ್ಟಿಗೆ ಒಡೆದದ್ದು, ದಮ್ಮು ಕಟ್ಟಲೆಂದು ಕಾಫಿ ತೋಟದೊಳಗೆ ಓಡಿದ್ದು, ಬಿರುಕು ಬಿಟ್ಟ ಕೋರ್ಟುಗಳಲ್ಲಿ ಕನಸು ಅಟ್ಟಿಸಿಕೊಂಡು ಹೋದದ್ದನ್ನೆಲ್ಲ ಬರೆದರು.

ಕಟ್ಟಿಗೆ ಒಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾಲು ಅಗಲಿಸಿ ನೆಲಕ್ಕೆ ಊರಬೇಕು. ಕೊಡಲಿ ಬೆನ್ನ ಹಿಂದಿನಿಂದ ತಲೆಯ ಮೇಲೆ ಏರಬೇಕು. ಸೊಂಟ ತಿರುಗಿ, ಭುಜ ಎದ್ದು, ಮೈಯ ಭಾರವೆಲ್ಲ ಒಂದೇ ಕಡೆಗೆ ಹರಿದು ಬರಬೇಕು. ಏಟು ಬಿದ್ದ ಮೇಲೂ ಕೈ ತಡೆಯಬಾರದು. ಟೆನಿಸ್ ಸರ್ವ್‌ನ ಚಲನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆರಡಿ ಮೂರಂಗುಲದ ಎತ್ತರದಿಂದ ಬೋಪಣ್ಣ ಹೊಡೆಯುತ್ತಿದ್ದ ಸರ್ವ್ ಕೊನೆಯ ವರ್ಷದವರೆಗೂ ಎದುರಾಳಿಗಳನ್ನು ಕಾಡಿತು. ಮಗುವಿನ ಮೈ ಕಟ್ಟಲು ದುಬಾರಿ ಯಂತ್ರಗಳೇ ಬೇಕೆಂದು ತಿಳಿದ ತಂದೆತಾಯಂದಿರು ಈ ಒಂದು ವಿಷಯವನ್ನಾದರೂ ನೆನಪಿಡಬೇಕು.

ಮುಂದೆ ಪುಣೆಯಲ್ಲಿ ನಂದನ್ ಬಾಳ್ ಅವರ ಬಳಿ ತರಬೇತಿ, ಬೆಂಗಳೂರಿನಲ್ಲಿ ಕಾಲೇಜು. ಟೆನಿಸ್ಸೇ ಬದುಕು ಎಂದು ಗಟ್ಟಿ ಮಾಡಿಕೊಂಡಾಗ ವಯಸ್ಸು ಹತ್ತೊಂಬತ್ತು. ಆ ವಯಸ್ಸಿಗೆ ಬೋರಿಸ್ ಬೆಕರ್ ಎರಡು ವಿಂಬಲ್ಡನ್ ಗೆದ್ದಾಗಿತ್ತು. ಬೋಪಣ್ಣ ಅವರ ಮೆಚ್ಚಿನ ಆಟಗಾರ ಮಾತ್ರ ಬೆಕರ್ ಅಲ್ಲ, ಸ್ವೀಡನ್ನಿನ ಶಾಂತ ಸ್ವಭಾವದ ಸ್ಟೆಫಾನ್ ಎಡ್ಬರ್ಗ್. ಒಂದೇ ಕೈಯ ಬ್ಯಾಕ್‌ಹ್ಯಾಂಡ್, ಸರ್ವ್ ಮಾಡಿ ನೆಟ್‌ಗೆ ನುಗ್ಗುವ ಎಡ್ಬರ್ಗ್ ಕಾಲದ ರೀತಿ, ಎರಡೂ ಬೋಪಣ್ಣ ಅವರ ಆಟದಲ್ಲಿ ಕೊನೆತನಕ ಉಳಿದವು.

213ನೇ ರ‍್ಯಾಂಕಿನ ಆಟಗಾರ

ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ ಬೋಪಣ್ಣ ಅವರ ಸಿಂಗಲ್ಸ್‌ನ ಅತ್ಯುತ್ತಮ ರ‍್ಯಾಂಕ್ 213, ಅದೂ 2007ರಲ್ಲಿ. ಆ ಸ್ಥಾನದಲ್ಲಿರುವವರ ಗಳಿಕೆ ಎಷ್ಟೋ ಸಲ ವಿಮಾನದ ಟಿಕೆಟ್, ಹೋಟೆಲ್ ಕೋಣೆ, ಕೋಚ್‌ನ ಸಂಬಳಕ್ಕೇ ಮುಗಿದುಹೋಗುತ್ತದೆ. ಅನೇಕರು ಅಲ್ಲಿಗೇ ಕೈಚೆಲ್ಲುತ್ತಾರೆ. ಬೋಪಣ್ಣ ತಮ್ಮ ಆಟದಲ್ಲಿ ಗಟ್ಟಿ ಯಾವುದು, ಟೊಳ್ಳು ಯಾವುದು ಎಂದು ಅಳೆದು ನೋಡಿ ಡಬಲ್ಸ್ ಹಾದಿ ಹಿಡಿದರು.

ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಡಬಲ್ಸ್‌ಗೆ 36 ಅಡಿ. ಒಂಬತ್ತು ಅಡಿ ಹೆಚ್ಚಿದರೂ ಕಾಯಲು ಇಬ್ಬರಿರುವುದರಿಂದ ಓಟ ಕಡಿಮೆ. ಬದಲಿಗೆ ಸರ್ವ್, ಮೊದಲ ವಾಲಿ, ಎದುರಾಳಿಯ ಸರ್ವ್ ತಿರುಗಿಸುವ ಜಾಣ್ಮೆ, ಜೊತೆಗಾರ ಮುಂದಿನ ಗಳಿಗೆಯಲ್ಲಿ ಎತ್ತ ಸರಿಯುತ್ತಾನೆ ಎಂಬ ಅಂದಾಜು ಇಲ್ಲಿ ಮುಖ್ಯ. ನೆಟ್ ಬಳಿ ನಿಂತವನಿಗೆ ಯೋಚಿಸಲು ಅರೆ ಕ್ಷಣವೂ ಸಿಗದು. ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ನಡೆಯದವರ ಆಟ ಎಂಬ ಮಾತು ನಮ್ಮಲ್ಲಿ ಬಹಳ ದಿನದಿಂದ ಓಡಾಡುತ್ತಿದೆ. ಅದು ತಪ್ಪು. ಡಬಲ್ಸ್ ಬೇರೆಯೇ ಒಂದು ವಿದ್ಯೆ. ಅದನ್ನು ಕಲಿಯಲು ಬೋಪಣ್ಣ ಅವರಂಥವರೂ ವರ್ಷಗಟ್ಟಲೆ ಸವೆಸಿದ್ದಾರೆ.

ಆದರೆ ದೇಶದ ಡೇವಿಸ್ ಕಪ್ ತಂಡಕ್ಕೆ ಬೇಕೆನಿಸಿದಾಗ ಸಿಂಗಲ್ಸ್‌ಗೂ ನಿಂತರು. 2010ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ಎದುರು ಮೊದಲ ದಿನವೇ ಭಾರತ 0-2ರಿಂದ ಹಿಂದೆ ಬಿದ್ದಿತ್ತು. ಡಬಲ್ಸ್ ಗೆದ್ದು, ಸೋಮದೇವ್ ದೇವ್‌ವರ್ಮನ್ ತಮ್ಮ ಪಂದ್ಯ ಉಳಿಸಿಕೊಟ್ಟ ಮೇಲೆ ಎಲ್ಲವೂ ಐದನೇ ಪಂದ್ಯಕ್ಕೆ ಬಂದು ನಿಂತಿತು. ಅಲ್ಲಿ ಬೋಪಣ್ಣ ಒಂದೂ ಸೆಟ್ ಬಿಟ್ಟುಕೊಡದೆ ರಿಕಾರ್ಡೊ ಮೆಲ್ಲೊ ಅವರನ್ನು ಸೋಲಿಸಿದರು, ಭಾರತ ವಿಶ್ವ ಗುಂಪಿನಲ್ಲಿ ಉಳಿಯಿತು. ಡಬಲ್ಸ್ ಆಟಗಾರನೆಂದೇ ನಾವು ಗುರುತಿಸುವ ಬೋಪಣ್ಣ ದೇಶಕ್ಕೆ ತಂದುಕೊಟ್ಟ ದೊಡ್ಡ ಗೆಲುವುಗಳಲ್ಲಿ ಒಂದು ಹೀಗೆ ಸಿಂಗಲ್ಸ್‌ನದು.

ಗಡಿಯಾಚೆಯ ಗೆಳೆಯ

ಅದೇ 2010 ಇನ್ನೊಂದು ಕಾರಣಕ್ಕೂ ಮರೆಯಲಾಗದ ವರ್ಷ. ಆಗ ಬೋಪಣ್ಣ ಅವರ ಜೊತೆಗಾರ ಲಾಹೋರ್‌ನ ಐಸಾಮ್ ಉಲ್ ಹಕ್ ಖುರೇಷಿ. ಮುಂಬೈ ದಾಳಿ ನಡೆದು ಎರಡು ವರ್ಷವೂ ಆಗಿರಲಿಲ್ಲ. ಎರಡೂ ದೇಶಗಳ ನಡುವೆ ಮಾತು ಕತ್ತರಿಸಿಹೋಗಿದ್ದ ಕಾಲ. ಇವರಿಬ್ಬರು ಒಂದೇ ಬದಿಗೆ ನಿಂತು ಆಡಿದರು, ಯುದ್ಧ ನಿಲ್ಲಿಸಿ ಟೆನಿಸ್ ಶುರು ಮಾಡಿ ಎಂಬ ಬರಹ ಹೊತ್ತ ಅಂಗಿ ತೊಟ್ಟರು. ಜನ ಈ ಜೋಡಿಗೆ ಇಂಡೋ ಪಾಕ್ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು.

ಆ ವರ್ಷ ಯುಎಸ್ ಓಪನ್ ಫೈನಲ್‌ಗೆ ಈ ಜೋಡಿ ತಲುಪಿದಾಗ ವಿಶ್ವಸಂಸ್ಥೆಯಲ್ಲಿನ ಭಾರತ, ಪಾಕಿಸ್ತಾನಗಳ ರಾಯಭಾರಿಗಳು ನ್ಯೂಯಾರ್ಕ್‌ನ ಅಂಗಣದಲ್ಲಿ ಒಟ್ಟಿಗೆ ಕುಳಿತು ಪಂದ್ಯ ನೋಡಿದರು. ಎದುರಿಗಿದ್ದವರು ಆ ಕಾಲದ ಅತಿ ಬಲಿಷ್ಠ ಜೋಡಿಯಾದ ಅಮೆರಿಕದ ಬ್ರಯಾನ್ ಅವಳಿ ಸಹೋದರರು. ಎರಡೂ ಸೆಟ್ ಟೈಬ್ರೇಕರ್‌ಗೆ ಹೋಗಿ ಕೈತಪ್ಪಿದವು. ಪಂದ್ಯ ಸೋತರೂ ಆ ವರ್ಷ ವೃತ್ತಿಪರ ಟೆನಿಸ್ ಸಂಘಟನೆ ಇಬ್ಬರಿಗೂ ಆರ್ಥರ್ ಆ್ಯಶ್ ಮಾನವೀಯತಾ ಪ್ರಶಸ್ತಿ ಕೊಟ್ಟಿತು. 2011ರಲ್ಲಿ ಪ್ಯಾರಿಸ್ ಮಾಸ್ಟರ್ಸ್, 2014ರಲ್ಲಿ ಮತ್ತೆ ಕೂಡಿ ದುಬೈ ಟೂರ್ನಿ ಗೆದ್ದರು. ಬೋಪಣ್ಣ ಗೆದ್ದ 26 ಟೂರ್ ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಗೆಲುವುಗಳಿಗೆ ಬೇರೆಯದೇ ತೂಕವಿದೆ.

ಡಬಲ್ಸ್ ಆಟಗಾರನ ಬದುಕೆಂದರೆ ಜೊತೆಗಾರರ ಬದುಕು. ಮಹೇಶ್ ಭೂಪತಿ, ರುಮೇನಿಯಾದ ಫ್ಲೋರಿನ್ ಮೆರ್ಜಿಯಾ, ಉರುಗ್ವೆಯ ಪಾಬ್ಲೊ ಕ್ಯುವಾಸ್, ಫ್ರಾನ್ಸಿನ ರೋಜರ್ ವ್ಯಾಸೆಲಿನ್, ಕೆನಡಾದ ಶಪೊವಲೊವ್, ನೆದರ್ಲೆಂಡ್ಸ್‌ನ ಮಿಡಲ್‌ಕೂಪ್, ನಮ್ಮವರೇ ಆದ ರಾಮ್‌ಕುಮಾರ್ ರಾಮನಾಥನ್, ಹೀಗೆ ಸಾಗುತ್ತದೆ ಆ ಸಾಲು. ಒಬ್ಬೊಬ್ಬರ ಭಾಷೆ, ಸಿಟ್ಟು, ಅಭ್ಯಾಸದ ಹೊತ್ತು ಒಂದೊಂದು ಥರ. ಇನ್ನೊಬ್ಬರ ತಪ್ಪಿಗೆ ಮುಖ ಸಿಂಡರಿಸದೆ ಮುಂದಿನ ಪಾಯಿಂಟ್‌ಗೆ ಕೈ ತಟ್ಟುವುದನ್ನು ಇಪ್ಪತ್ತು ವರ್ಷ ಮಾಡುತ್ತ ಬರುವುದಕ್ಕೆ ಸಹನೆ ಬೇಕು.

2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜತೆ ಮೊದಲ ಗ್ರ್ಯಾನ್‌ಸ್ಲಾಮ್ ಸಿಕ್ಕಿತು. ಮೊದಲ ಸೆಟ್ 2-6ರಿಂದ ಹೋಗಿತ್ತು, ಎರಡನೆಯದು 6-2ರಿಂದ ಬಂತು, ನಿರ್ಣಾಯಕ ಟೈಬ್ರೇಕರ್‌ನಲ್ಲಿ ಸೋಲಿನ ಅಂಚಿನಿಂದ ಮರಳಿ 12-10ರಿಂದ ಗೆದ್ದರು. ಪೇಸ್, ಭೂಪತಿ, ಸಾನಿಯಾ ಮಿರ್ಜಾ ಬಳಿಕ ಗ್ರ್ಯಾನ್‌ಸ್ಲಾಮ್ ಗೆದ್ದ ನಾಲ್ಕನೇ ಭಾರತೀಯರಾದಾಗ ಬೋಪಣ್ಣ ಅವರಿಗೆ 37 ವರ್ಷ.

ಮರುವರ್ಷ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಾದಾಪುರದ ಸುತ್ತಲಿನ ಊರುಗಳು ನಲುಗಿದವು. ಅದೇ ತಿಂಗಳು ಇಂಡೊನೇಷ್ಯಾದ ಏಷ್ಯನ್ ಕ್ರೀಡಾಕೂಟದಲ್ಲಿ ದಿವಿಜ್ ಶರಣ್ ಜತೆ ಬೋಪಣ್ಣ ಚಿನ್ನ ಗೆದ್ದರು. ತವರು ಕೆಸರಿನಲ್ಲಿ ಹೂತಿದ್ದಾಗ ದೂರದ ದೇಶದಲ್ಲಿ ನಿಂತು ಆಡಿ ಗೆದ್ದ ಪದಕ ಅದು.

ಸವೆದ ಮೊಣಕಾಲು, ಅಯ್ಯಂಗಾರ್ ಯೋಗ

ಈ ಬದುಕಿನಲ್ಲಿ ಎಲ್ಲರೂ ಓದಬೇಕಾದ ಭಾಗ ಮುಂದಿನದು. 2020ರ ಹೊತ್ತಿಗೆ ಬೋಪಣ್ಣ ಅವರ ಮೊಣಕಾಲಿನ ಮೃದ್ವಸ್ಥಿ ಪೂರಾ ಸವೆದುಹೋಗಿತ್ತು. ಎಲುಬಿಗೆ ಎಲುಬು ಉಜ್ಜದಂತೆ ನಡುವೆ ಇರುವ ಮೆತ್ತನೆಯ ಪದರ ಅದು. ಸವೆದರೆ ಮತ್ತೆ ಬೆಳೆಯುವುದು ಕಷ್ಟ. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಕೋರ್ಟಿಗೆ ಇಳಿಯುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಎರೆ ಹೊಲದಲ್ಲಿ ಕಳೆ ಕಿತ್ತು ಮೊಣಕಾಲು ಹಿಡಿದುಕೊಂಡು ಏಳುವ ನಮ್ಮ ಅವ್ವಂದಿರಿಗೆ, ಮಾಳಿಗೆಯ ಮೆಟ್ಟಿಲು ಹತ್ತಲಾರದ ಅಪ್ಪಂದಿರಿಗೆ ಈ ನೋವು ಹೊಸದಲ್ಲ.

ಕೊರೊನಾ ಕಾಲದಲ್ಲಿ ಟೂರ್ನಿಗಳು ನಿಂತಾಗ ಅವರು ಅಯ್ಯಂಗಾರ್ ಯೋಗ ಕಲಿಯತೊಡಗಿದರು. ವಾರಕ್ಕೆ ನಾಲ್ಕು ದಿನ, ಒಂದೊಂದು ಸಲಕ್ಕೆ ಒಂದೂವರೆ ತಾಸು. ಈ ಪದ್ಧತಿ ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮವರೇ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಗುರು ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲೆ ನಿಂತವರು. ಬಾಲ್ಯದಲ್ಲಿ ಕಾಯಿಲೆಗಳಿಂದ ಸೊರಗಿದ್ದ ಮೈಯನ್ನು ಯೋಗದಿಂದಲೇ ಸರಿಪಡಿಸಿಕೊಂಡವರು. ಹಗ್ಗ, ಪಟ್ಟಿ, ಕುರ್ಚಿ, ಮರದ ಇಟ್ಟಿಗೆ, ದಿಂಬುಗಳ ಆಸರೆ ಕೊಟ್ಟು, ಬಗ್ಗದ ಮೈಯೂ ಆಸನದಲ್ಲಿ ಹೊತ್ತುಗಟ್ಟಲೆ ನಿಲ್ಲುವಂತೆ ಮಾಡುವುದು ಅವರ ಪದ್ಧತಿಯ ವಿಶೇಷ. ಅದರಿಂದ ಬೋಪಣ್ಣ ಅವರ ಸೊಂಟ, ತೊಡೆ, ಕಾಲಿನ ಸ್ನಾಯುಗಳು ಗಟ್ಟಿಯಾಗಿ ಮೊಣಕಾಲಿನ ಮೇಲಿನ ಹೊರೆ ಇಳಿಯಿತು. ಮಾತ್ರೆ ಬಿಟ್ಟು ನೋವಿಲ್ಲದೆ ಆಡುವಂತಾದೆ ಎಂದು ಅವರು ಹಲವು ಸಲ ಹೇಳಿದ್ದಾರೆ. ಜತೆಗೆ ವೈದ್ಯರ ಚುಚ್ಚುಮದ್ದು, ಫಿಸಿಯೊ ರೆಬೆಕಾ ವಾನ್ ಒರ್ಷಾಗೆನ್ ಅವರ ಆರೈಕೆ, ಕೋಚ್ ಸ್ಕಾಟ್ ಡೇವಿಡಾಫ್ ಅವರ ಬೆಂಬಲವೂ ಇತ್ತು.

ಮೈ ಸುಧಾರಿಸಿದರೂ ಫಲಿತಾಂಶ ಕೂಡಲೇ ಬರಲಿಲ್ಲ. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗಳು. ಪೋರ್ಚುಗಲ್‌ನ ಎಸ್ತೋರಿಲ್‌ನಲ್ಲಿ ಸಮುದ್ರ ನೋಡುತ್ತ ಕುಳಿತು, ಪಂದ್ಯವೂ ಗೆಲ್ಲುತ್ತಿಲ್ಲ, ಮನೆಯಲ್ಲೂ ಇಲ್ಲ, ಇದೆಲ್ಲ ಯಾಕೆ ಎಂದು ತಮ್ಮನ್ನೇ ಕೇಳಿಕೊಂಡಿದ್ದರು. ಇನ್ನು ಸಾಕು, ಆಟ ಬಿಡುತ್ತೇನೆ ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದನ್ನು ಮೆಲ್ಬರ್ನ್‌ನ ವಿಜಯ ವೇದಿಕೆಯ ಮೇಲೆ ನಿಂತು ಅವರೇ ಹೇಳಿದರು. ಆ ವಾರ ಅವರು ನಿಜವಾಗಿಯೂ ರಾಕೆಟ್ ಕೆಳಗಿಟ್ಟಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ಅಂಪೈರ್ ಕಾಣದ ಪಾಯಿಂಟ್

2023ರ ಮಾರ್ಚ್‌ನಲ್ಲಿ ಎಬ್ಡನ್ ಜತೆ ಇಂಡಿಯನ್ ವೆಲ್ಸ್ ಗೆದ್ದು, ಮಾಸ್ಟರ್ಸ್ 1000 ಟೂರ್ನಿ ಗೆದ್ದವರಲ್ಲಿ ಎಲ್ಲರಿಗಿಂತ ಹಿರಿಯರೆನಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಹದಿಮೂರು ವರ್ಷದ ಬಳಿಕ, ಯುಎಸ್ ಓಪನ್ ಫೈನಲ್‌ಗೆ ಮರಳಿದರು. ಎದುರಿಗೆ ರಾಜೀವ್ ರಾಮ್, ಜೋ ಸಾಲಿಸ್‌ಬರಿ. ತಲಾ ಒಂದು ಸೆಟ್ ಆಗಿತ್ತು. ಮೂರನೇ ಸೆಟ್‌ನಲ್ಲಿ ಒಂದು ಪಾಯಿಂಟ್ ಬೋಪಣ್ಣ ಜೋಡಿಯ ಪಾಲಾಯಿತು. ಚೆಂಡು ನೆಟ್ ದಾಟುವ ಮುನ್ನ ಅವರ ತೋಳಿಗೆ ಸವರಿಹೋಗಿತ್ತು. ಅಂಪೈರ್ ಅದನ್ನು ಕಂಡಿರಲಿಲ್ಲ. ಚೆಂಡು ಮೈಗೆ ತಾಕಿದರೆ ಪಾಯಿಂಟ್ ಎದುರಾಳಿಗೆ ಹೋಗಬೇಕೆಂಬುದು ನಿಯಮ. ಬೋಪಣ್ಣ ತಾವೇ ಮುಂದೆ ಬಂದು ತಾಗಿತೆಂದು ಹೇಳಿ ಆ ಪಾಯಿಂಟ್ ಬಿಟ್ಟುಕೊಟ್ಟರು. ಕಡೆಗೆ 2-6, 6-3, 6-4ರಿಂದ ರಾಮ್ ಜೋಡಿಯೇ ಗೆದ್ದಿತು.

ಪುರುಷರ ಡಬಲ್ಸ್‌ನಲ್ಲಿ ಅವರ ಬಳಿ ಆಗಿನ್ನೂ ಒಂದೂ ಗ್ರ್ಯಾನ್‌ಸ್ಲಾಮ್ ಇರಲಿಲ್ಲ. ವಯಸ್ಸು 43, ಮತ್ತೊಂದು ಅವಕಾಶ ಬರುವ ಖಾತ್ರಿಯಿಲ್ಲ. ಅಂಥ ಹೊತ್ತಿನಲ್ಲಿ ಸತ್ಯ ಹೇಳಿದ್ದೇ ನನ್ನ ಲೆಕ್ಕದಲ್ಲಿ ಅವರ ಬದುಕಿನ ಅತಿ ದೊಡ್ಡ ಪಾಯಿಂಟ್. ನಮ್ಮ ಶಾಲೆಗಳ ಪಿ.ಟಿ. ಮಾಸ್ತರರು ಮಕ್ಕಳಿಗೆ ಮೊದಲು ಹೇಳಬೇಕಾದ ಕಥೆ ಇದು.

ಮುಂದಿನ ನಾಲ್ಕು ತಿಂಗಳು ಕೈತುಂಬ ಫಸಲು. ಸೆಪ್ಟೆಂಬರ್‌ನಲ್ಲೇ ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಆಡಿ, 2002ರಲ್ಲಿ ಆರಂಭಿಸಿದ್ದ ಡೇವಿಸ್ ಕಪ್ ಬದುಕಿಗೆ ವಿದಾಯ ಹೇಳಿದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಿಶ್ರ ಡಬಲ್ಸ್‌ನಲ್ಲಿ ಋತುಜಾ ಭೋಸಲೆ ಜತೆ ಚಿನ್ನ ಗೆದ್ದರು. 2024ರ ಜನವರಿ 24ರಂದು ಮೆಲ್ಬರ್ನ್‌ನಲ್ಲಿ ಕ್ವಾರ್ಟರ್ ಫೈನಲ್ ಗೆದ್ದಾಗ ಮೊದಲ ರ‍್ಯಾಂಕ್ ಖಚಿತವಾಯಿತು. 25ರಂದು ಸೆಮಿಫೈನಲ್ ಗೆದ್ದ ದಿನವೇ ಪದ್ಮಶ್ರೀ ಘೋಷಣೆಯಾಯಿತು. 27ರಂದು ಇಟಲಿಯ ಬೊಲೆಲ್ಲಿ, ವವಸ್ಸೊರಿ ಜೋಡಿಯನ್ನು 7-6, 7-5ರಿಂದ ಸೋಲಿಸಿ ಟ್ರೋಫಿ ಎತ್ತಿದರು. ಮುಕ್ತ ಯುಗದಲ್ಲಿ ಪುರುಷರ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದ ಅತಿ ಹಿರಿಯ, ಮೊದಲ ಸ್ಥಾನಕ್ಕೆ ಮೊದಲ ಬಾರಿ ಏರಿದವರಲ್ಲೂ ಅತಿ ಹಿರಿಯ ಎಂಬ ಎರಡು ದಾಖಲೆ ಒಂದೇ ವಾರದಲ್ಲಿ ಬಂದವು. 43 ತಮ್ಮ ವಯಸ್ಸಲ್ಲ, ತಾವು ತಲುಪಿದ ಹಂತ ಎಂದು ಅವರು ಹೇಳಿದ ಮಾತು ಆಮೇಲೆ ಎಲ್ಲೆಡೆ ಓಡಾಡಿತು.

44 ತುಂಬಿದ ಮೇಲೆ ಮಯಾಮಿ ಓಪನ್ ಗೆದ್ದು ತಮ್ಮದೇ ಮಾಸ್ಟರ್ಸ್ ದಾಖಲೆ ಮುರಿದರು. ಒಲಿಂಪಿಕ್ ಪದಕ ಮಾತ್ರ ಒಲಿಯಲಿಲ್ಲ. 2016ರ ರಿಯೊದಲ್ಲಿ ಸಾನಿಯಾ ಜತೆ ನಾಲ್ಕನೇ ಸ್ಥಾನ, 2024ರ ಪ್ಯಾರಿಸ್‌ನಲ್ಲಿ ಮೊದಲ ಸುತ್ತಿನ ಸೋಲು. 2025ರ ಪ್ಯಾರಿಸ್ ಮಾಸ್ಟರ್ಸ್ ಕೊನೆಯ ಟೂರ್ನಿಯಾಯಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಅಕಾಡೆಮಿ ಈಗ ಮಕ್ಕಳಿಗೆ ಆಟ ಕಲಿಸುತ್ತಿದೆ.

ನಮ್ಮ ಸೀಮೆಗೆ ಇದರಿಂದೇನು?

ಕೊಡಗು ದೂರ, ಟೆನಿಸ್ ಸಿರಿವಂತರ ಆಟ, ನಮಗೇಕೆ ಎನ್ನುವವರಿಗೆ ಗದಗದಲ್ಲೇ ಉತ್ತರವಿದೆ. ಇಲ್ಲಿಯೇ ಹುಟ್ಟಿದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೊಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರು. ಮೊದಲ ಟೆಸ್ಟ್ ಆಡುವಾಗ ಅವರಿಗೆ 26 ವರ್ಷ. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತಾಗ 29. ಜೋಶಿ ಅವರ ಊರಿನಲ್ಲಿ ಟರ್ಫ್ ಇರಲಿಲ್ಲ, ಬೋಪಣ್ಣ ಅವರ ತೋಟದಲ್ಲಿ ಒಳ್ಳೆಯ ಕೋರ್ಟ್ ಇರಲಿಲ್ಲ. ಇಬ್ಬರಿಗೂ ಇದ್ದದ್ದು ಬಿಡದ ಹಟ, ಬೆನ್ನಿಗೆ ನಿಂತ ಮನೆ.

ಟೆನಿಸ್ಸೂ ಈಗ ಅಷ್ಟು ದೂರ ಉಳಿದಿಲ್ಲ. 2023ರ ಅಕ್ಟೋಬರ್‌ನಲ್ಲಿ ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು; ಬೋಪಣ್ಣ ಅವರ ಜತೆ ಆಡಿ ಪ್ರಶಸ್ತಿ ಗೆದ್ದಿದ್ದ ರಾಮ್‌ಕುಮಾರ್ ಅಲ್ಲಿಯೂ ಆಡಿದರು. ಗದಗದಿಂದ ಬೆಳಿಗ್ಗೆ ಹೊರಟರೆ ಪಂದ್ಯ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ಡಬಲ್ಸ್ ಕೋರ್ಟಿನ ಗೆರೆಗೆ ಬೇಕಾದ ಜಾಗ 78 ಅಡಿ ಉದ್ದ, 36 ಅಡಿ ಅಗಲ. ಸುತ್ತ ಓಡಾಡಲು ಇನ್ನಷ್ಟು ಬಿಟ್ಟರೂ ನಮ್ಮ ಎಷ್ಟೋ ಹೈಸ್ಕೂಲ್ ಮೈದಾನಗಳ ಒಂದು ಮೂಲೆ ಸಾಕು. ನಾಲ್ಕು ರಾಕೆಟ್, ಒಂದು ನೆಟ್, ಚೆಂಡು ಹೊಡೆದು ಕಲಿಯಲು ಒಂದು ಗೋಡೆ ಇದ್ದರೆ ಆರಂಭಕ್ಕೆ ಅಡ್ಡಿಯಿಲ್ಲ. ಚೆಂಡಂತೂ ನಮ್ಮ ಹುಡುಗರ ಜೇಬಿನಲ್ಲೇ ಇದೆ.

ನಮ್ಮಲ್ಲಿ ಎಂಟನೇ ತರಗತಿಯವರೆಗೆ ಆಡುವ ಮಕ್ಕಳು ಒಂಬತ್ತಕ್ಕೆ ಬಂದೊಡನೆ ಮೈದಾನದಿಂದ ಮಾಯವಾಗುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯಲಿ ಎನ್ನುತ್ತೇವೆ, ಆಮೇಲೆ ಪಿಯುಸಿ, ಆಮೇಲೆ ನೌಕರಿ. ಹುಡುಗಿಯರಾದರೆ ಅದಕ್ಕೂ ಮುಂಚೆ. ಹದಿನಾರಕ್ಕೆ ಜಿಲ್ಲಾ ತಂಡದಲ್ಲಿ ಹೆಸರಿಲ್ಲದಿದ್ದರೆ ಇವನಿಗೆ ಆಟ ಬರುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಇದೇ ತಕ್ಕಡಿಯಲ್ಲಿ ತೂಗಿದ್ದರೆ ಜಗತ್ತಿನ ಮೊದಲ ಸ್ಥಾನದ ಆಟಗಾರನೊಬ್ಬ ಮಾದಾಪುರದಿಂದ ಹೊರಗೆ ಬರುತ್ತಲೇ ಇರಲಿಲ್ಲ.

ಆದ್ದರಿಂದ ಪಾಲಕರಲ್ಲಿ, ಮಾಸ್ತರರಲ್ಲಿ, ತಾಲ್ಲೂಕು ಕ್ರೀಡಾಂಗಣಗಳ ಕೀಲಿ ಕೈಯಲ್ಲಿರುವವರಲ್ಲಿ ಕೇಳುವುದಿಷ್ಟೇ. ಸಂಜೆ ಎರಡು ತಾಸು ಮೈದಾನದ ಗೇಟು ತೆರೆದಿಡಿ. ಪರೀಕ್ಷೆಯ ವರ್ಷವೆಂದು ಮಕ್ಕಳ ಕೈಯ ಆಟದ ಸಾಮಾನು ಕಸಿಯಬೇಡಿ. ಇಂದು ಆಯ್ಕೆಯಾಗದ ಮಗುವಿಗೆ ನಾಳೆಯೂ ಆಡಲು ಜಾಗ ಇರಲಿ.